ಅಜ್ಜ ಯಾವ ಮನೆಯವರು

ಕೆಸುವಿನ ಎಲೆಗಾಗಿ ಪ್ರೇಮಾವತಿ ಅಂಗಡಿಗೆ ಹೋಗಬೇಕಾಗಿ ಬರಲಿಲ್ಲ. ಸಿಡ್ನಿಯ ಗಿರಾವೀನ್‌ನ ಆ ಬೀದಿಯಲ್ಲಿ, ಬೇಲಿಯಾಚೆಗಿನ ಫಿಜಿಯ ಹೆಂಗಸು ಹಿತ್ತಿಲಲ್ಲಿ ಕೆಸು ಬೆಳೆಸಿದ್ದಳು. ಚಳಿಗೆ ಗಿಡ ಸೊರಗಿದ್ದರೂ ಇದ್ದುದರಲ್ಲೇ ದೊಡ್ಡ ಎಲೆಗಳನ್ನು ಆರಿಸಿ, ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಳಿಗ್ಗೆಯೇ ಬೇಲಿಯ ಮೇಲೆ ಇಟ್ಟುಹೋಗಿದ್ದಳು. ಜುಲೈ ಬಂದರೆ ಪಕ್ಕದ ಮನೆಯ ಅಜ್ಜಿಗೆ ಎಲೆ ಬೇಕಾಗುತ್ತದೆಂದು ಅವಳಿಗೆ ನೆನಪಿರುತ್ತಿತ್ತು. ಏಕೆಂದು ಮಾತ್ರ ಒಂದು ಸಲವೂ ಕೇಳಿದವಳಲ್ಲ.

ಉಡುಪಿಯಲ್ಲಿ ಅದು ಆಟಿ ತಿಂಗಳು. ತುಳುವರ ಮನೆಗಳಲ್ಲಿ ಕೆಸುವಿನ ಎಲೆಗೆ ಹಿಟ್ಟು ಸವರಿ ಪತ್ರೊಡೆ ಮಾಡುವ ತಿಂಗಳು. ತೀರಿಹೋದ ಹಿರಿಯರಿಗೆ ಬಾಳೆಲೆ ಹಾಕಿ ಬಡಿಸುವ ತಿಂಗಳೂ ಅದೇ. ಪ್ರೇಮಾವತಿ ಪತ್ರೊಡೆ ಮಾಡುತ್ತಿದ್ದರು. ಆದರೆ ಗಂಡ ಕೃಷ್ಣಪ್ಪನವರು ತೀರಿಕೊಂಡು ಎರಡು ಆಟಿ ಕಳೆದರೂ ಅವರಿಗೆಂದು ಎಲೆ ಹಾಕಿರಲಿಲ್ಲ. ಹಾಕುವ ಹಾಗಿರಲಿಲ್ಲ.

ಅಡುಗೆಮನೆಯ ಕಟ್ಟೆಯ ಆಚೆ ಬದಿಗೆ ಮೊಮ್ಮಗಳು ನಿರೀಕ್ಷಾ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ಹನ್ನೆರಡನೇ ತರಗತಿ. ಮುಂದಿನ ವಾರ ಟ್ರಯಲ್ ಪರೀಕ್ಷೆ. ಯಾರಿಗಾದರೂ ಬಾಯಿಬಿಟ್ಟು ಹೇಳಿದರಷ್ಟೇ ಅವಳ ತಲೆಯಲ್ಲಿ ಪಾಠ ನಿಲ್ಲುತ್ತಿತ್ತು. ಅವಳ ಅಪ್ಪ ರೋಶನ್ ಆಫೀಸಿಗೆ, ಅಮ್ಮ ಅನಘಾ ವೆಸ್ಟ್‌ಮೀಡ್‌ ಆಸ್ಪತ್ರೆಯಲ್ಲಿ ಡ್ಯೂಟಿಗೆ ಹೋಗಿರುತ್ತಿದ್ದರು. ಹಾಗಾಗಿ ಪಾಠ ಕೇಳಿಸಿಕೊಳ್ಳುವ ಕೆಲಸ ಅಜ್ಜಿಯದು. ಪ್ರೇಮಾವತಿಗೂ ಅದು ಇಷ್ಟವೇ. ಆ ತಿಂಗಳಿಡೀ ಅವರು ಎಲೆಯ ನಾರು ತೆಗೆಯುತ್ತ, ಅಕ್ಕಿ ರುಬ್ಬುತ್ತ ಹಳೆಯ ರೋಮ್ ನಗರದಲ್ಲಿ ಓಡಾಡಿ ಬಂದಿದ್ದರು.

"ಅಜ್ಜಿ, ಇವತ್ತು ರೋಮನ್ ಫ್ಯಾಮಿಲಿ. ರೆಡಿನಾ?"

"ನಾನು ರೆಡಿ ಇಲ್ಲದ್ದು ಯಾವಾಗ? ನಿನ್ನೆ ಆ ಸ್ನಾನದ ಮನೆ ಮುಗಿಯಿತಲ್ಲ, ಮುಂದೆ ಹೇಳು."

"ಮನೆಗೆ ಒಬ್ಬನೇ ಬಾಸ್. ಪಾಟರ್ ಫಮಿಲಿಯಾಸ್ ಅಂತ. ಅವನು ಬದುಕಿರೋವರೆಗೂ ಮಕ್ಕಳೆಲ್ಲ ಅವನ ಪವರ್ ಕೆಳಗೆ. ಮಗನಿಗೇ ತಲೆ ಬೆಳ್ಳಗಾದ್ರೂ ಅಷ್ಟೇ."

"ಹಾಗಾದ್ರೆ ನಿನ್ನ ಅಪ್ಪನನ್ನು ಅಲ್ಲಿಗೆ ಕಳಿಸಬೇಕು ಮಾರಾಯ್ತಿ. ಪಾಪ, ಇಲ್ಲಿ ಅವನ ಕೈಗೆ ಟಿವಿಯ ರಿಮೋಟೂ ಸಿಗುವುದಿಲ್ಲ."

ನಿರೀಕ್ಷಾ ನಕ್ಕು ಲ್ಯಾಪ್‌ಟಾಪನ್ನು ಅಜ್ಜಿಯ ಕಡೆ ತಿರುಗಿಸಿದಳು. ಪೊಂಪೈ ಎಂಬ ಹಳೆಯ ರೋಮನ್ ಊರಿನ ಒಂದು ಮನೆ. ಗೋಡೆಯ ಮೇಲೆ ಬಣ್ಣದ ಚಿತ್ರ. ಮೇಲುಗಡೆ ಕುಣಿಯುವಂತೆ ನಿಂತ ಇಬ್ಬರು ಹುಡುಗರು, ಕೆಳಗೆ ಬಳುಕಿಕೊಂಡು ಬಂದ ಎರಡು ದೊಡ್ಡ ಹಾವು.

ಪ್ರೇಮಾವತಿ ಕನ್ನಡಕ ಸರಿಮಾಡಿಕೊಂಡರು. "ಇದೆಂತದು, ನಾಗರು?"

"ಮನೆ ಕಾಯೋ ದೇವರು ಅಜ್ಜಿ. ಮೇಲಿರೋರು ಲಾರೆಸ್. ಎಷ್ಟೋ ಮನೆಗಳಲ್ಲಿ ಇವರ ಗೂಡು ಅಡುಗೆಮನೇಲೇ ಇರ್ತಿತ್ತು. ಡಿನ್ನರ್ ಮಧ್ಯೆ ಎಲ್ರೂ ಸೈಲೆಂಟ್ ಆಗಿ, ಒಂದು ಪೋರ್ಷನ್ ತೆಗೆದು ಬೆಂಕಿಗೆ ಹಾಕ್ತಿದ್ರು, ಇವರಿಗೆ ಅಂತ."

"ಒಳ್ಳೆ ಜನ," ಎಂದರು ಪ್ರೇಮಾವತಿ. ಹಾವಿನ ಚಿತ್ರವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆ ಅಡುಗೆಮನೆಯಲ್ಲಿ ಬೇಯಿಸುತ್ತಿದ್ದ ಹೆಂಗಸಿನ ಪರಿಚಯ ತನಗೆ ಚೂರು ಆದಂತೆ ಅವರಿಗೆ ಅನಿಸಿತು.

"ಈಗ ಕಷ್ಟದ ಭಾಗ. ಮದುವೆ. ಎರಡು ಥರ. ಒಂದರಲ್ಲಿ ಹೆಂಡ್ತಿ ಗಂಡನ ಫ್ಯಾಮಿಲಿಗೆ ಸೇರಿಹೋಗ್ತಾಳೆ. ಇನ್ನೊಂದರಲ್ಲಿ ಅವಳು ಲೀಗಲಿ ಅವಳ ಅಪ್ಪನ ಫ್ಯಾಮಿಲೀಲೇ ಇರ್ತಾಳೆ. ಇರೋದು ಗಂಡನ ಮನೇಲಿ, ಮಕ್ಕಳನ್ನ ಹೆತ್ತು ಸಾಕೋದು ಅಲ್ಲೇ, ಬಟ್ ಆ ಫ್ಯಾಮಿಲಿಯವಳಲ್ಲ. ಅವಳ ಸ್ವಂತ ಮಕ್ಕಳು ಒಂದು ಫ್ಯಾಮಿಲಿ, ಅವಳೇ ಇನ್ನೊಂದು. ವಿಯರ್ಡ್ ಅಲ್ವಾ?"

ಪ್ರೇಮಾವತಿ ನಾರು ತೆಗೆದ ಎಲೆಯನ್ನು ಕೆಳಗಿಟ್ಟರು. "ವಿಯರ್ಡ್ ಎಂತದು? ನಮ್ಮಲ್ಲಿಯೂ ಅದೇ ಉಂಟು. ಉಲ್ಟಾ, ಅಷ್ಟೇ. ನಮ್ಮಲ್ಲಿ ಹೊರಗಿನವರಾಗುವುದು ಗಂಡ."

"ವಾಟ್?"

"ನಮ್ಮಲ್ಲಿ ಮಕ್ಕಳು ಅಮ್ಮನ ಬಳಿಗೆ ಸೇರುವುದು. ಬಳಿ ಅಂದ್ರೆ ವಂಶ. ನಾನು ನನ್ನ ಅಮ್ಮನ ಬಳಿ, ನಿನ್ನ ಅಪ್ಪ ನನ್ನ ಬಳಿ. ನೀನು ನಿನ್ನ ಅಮ್ಮನ ಬಳಿ."

"ಹೋಲ್ಡ್ ಆನ್. ನಾನು ನಿನ್ನ ಫ್ಯಾಮಿಲಿ ಅಲ್ವಾ?"

"ಬಳಿಯ ಲೆಕ್ಕದಲ್ಲಿ ಅಲ್ಲ. ಪತ್ರೊಡೆಯ ಲೆಕ್ಕದಲ್ಲಿ ಹೌದು."

"ಮತ್ತೆ ಅಜ್ಜ?"

"ಅಜ್ಜ ಅವರ ಅಮ್ಮನ ಬಳಿ."

ನಿರೀಕ್ಷಾ ಕಟ್ಟೆಯ ಮೇಲೆ ಚೆಲ್ಲಿದ್ದ ಅಕ್ಕಿಯ ಕಾಳುಗಳನ್ನು ಒಬ್ಬೊಬ್ಬರಿಗೆ ಒಂದರಂತೆ ಇಟ್ಟಳು. ಅಜ್ಜಿ ಮತ್ತು ಅಪ್ಪ ಒಂದು ಗುಂಪು, ಅಮ್ಮ ಮತ್ತು ತಾನು ಇನ್ನೊಂದು. ಅಜ್ಜನ ಕಾಳು ಮಾತ್ರ ಒಂಟಿಯಾಗಿ ಉಳಿಯಿತು.

"ಅಂದ್ರೆ ಇಷ್ಟು ವರ್ಷ ಅಜ್ಜ ಈ ಮನೇಲಿ ಗೆಸ್ಟಾ?"

ಪ್ರೇಮಾವತಿಗೆ ನಗು ಬಂತು. "ಒಳ್ಳೆ ಗೆಸ್ಟ್. ಹೊರಡುವ ಮಾತೇ ಎತ್ತದ ಗೆಸ್ಟ್."

"ಅವರ ಫ್ಯಾಮಿಲಿ ಯಾರು ಹಾಗಾದ್ರೆ?"

"ಅವರ ಅಕ್ಕ ಇದ್ದರು, ಅವರು ಮೊದಲೇ ಹೋದರು. ಈಗ ಅಕ್ಕನ ಮಗಳು ಒಬ್ಬಳೇ. ಶ್ರದ್ಧಾ."

"ಮೆಲ್ಬರ್ನ್ ಶ್ರದ್ಧಾ ಆಂಟಿ? ಬಟ್ ವಿ ಡೋಂಟ್ ಈವನ್ ಟಾಕ್ ಟು ಹರ್."

ಅದು ನಿಜ. ಜಗಳವೇನೂ ಆಗಿರಲಿಲ್ಲ. ಕೃಷ್ಣಪ್ಪನವರ ಅಂತ್ಯಕ್ರಿಯೆಯ ದಿನ ಶ್ರದ್ಧಾ ಮೆಲ್ಬರ್ನ್‌ನಿಂದ ಮೊದಲ ವಿಮಾನ ಹಿಡಿದು ಬಂದಿದ್ದಳು. ಕೃಷ್ಣಪ್ಪನವರ ಮನೆತನದಲ್ಲಿ ಸತ್ತವನ ಮೇಲೆ ಮೊದಲ ಬಿಳಿ ಬಟ್ಟೆ ಹೊದಿಸುವುದು ಅವನ ತಾಯಿಯ ಬಳಿಯವರು. ಅದನ್ನು ಅವಳು ತಂದಿದ್ದಳು. ಆದರೆ ಇಲ್ಲಿನ ಚಿತಾಗಾರದ ಸಭಾಂಗಣದಲ್ಲಿ ಸಮಯ ಕಟ್ಟುನಿಟ್ಟು. ಹೊರಗೆ ಇನ್ನೊಂದು ಕುಟುಂಬ ಕಾಯುತ್ತಿತ್ತು. ಊರಿನ ರೀತಿ ಅರಿಯದ ಪುರೋಹಿತರು ಮಗ ಎಲ್ಲಿ ಎಂದು ಕೇಳಿದರು, ರೋಶನ್ ಮುಂದೆ ಹೋದ, ಅವರು ಹೇಳಿದ್ದನ್ನೆಲ್ಲ ಮಾಡಿದ. ಶವಪೆಟ್ಟಿಗೆ ಮುಚ್ಚಿತು. ಶ್ರದ್ಧಾ ಚೀಲವನ್ನು ಎದೆಗವಚಿಕೊಂಡು ಹೊರಗೆ ನಡೆದದ್ದನ್ನು ಪ್ರೇಮಾವತಿ ನೋಡಿದ್ದರು. ಚೀಲದಿಂದ ಬಿಳಿ ಬಟ್ಟೆಯ ಅಂಚು ಇಣುಕುತ್ತಿತ್ತು. ಅದೇನೆಂದು ಅವರಿಗೆ ಹೊಳೆದದ್ದು ಮರುದಿನ. ಅಷ್ಟರಲ್ಲಿ ಅವಳು ಮೆಲ್ಬರ್ನ್‌ ತಲುಪಿದ್ದಳು.

ಆಮೇಲೆ ಹಬ್ಬಕ್ಕೊಂದು ಮೆಸೇಜ್, ಅದಕ್ಕೊಂದು ಕೈಮುಗಿದ ಚಿತ್ರ. ಅಷ್ಟೇ.

ತೀರಿಹೋದವರಿಗೆ ಬಡಿಸುವುದೂ ಅವರವರ ಬಳಿಯ ಮನೆಯಲ್ಲೇ. ಹೆಂಡತಿಯ ಮನೆಯಲ್ಲಿ ಹಾಕಿದ ಎಲೆಗೆ ಗಂಡ ಬರುವುದಿಲ್ಲ ಎಂದು ಪ್ರೇಮಾವತಿ ಚಿಕ್ಕಂದಿನಿಂದ ಕೇಳಿ ಬೆಳೆದವರು. ಶ್ರದ್ಧಾ ಬಡಿಸುತ್ತಿದ್ದಾಳೆಯೇ, ಇಲ್ಲವೇ? ಅವರಿಗೆ ತಿಳಿಯಬೇಕಾಗಿದ್ದದ್ದು ಅದೊಂದೇ. ಹಸಿವು ತಡೆಯದ ಮನುಷ್ಯ ಅದು. ಊಟ ಸ್ವಲ್ಪ ತಡವಾದರೂ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು, ಏನೂ ಕೇಳದೆ, ಗಡಿಯಾರ ನೋಡುವ ನಟನೆ ಮಾಡುತ್ತಿದ್ದವರು.

"ಅಜ್ಜಿ, ಕೇಳ್ತಿದ್ದೀಯಾ?"

"ಹೇಳು, ಹೇಳು."

"ಲಾಸ್ಟ್ ಟಾಪಿಕ್. ಫೆಬ್ರವರಿಯಲ್ಲಿ ಒಂದಷ್ಟು ದಿನ ಸತ್ತವರದ್ದು. ಊರ ಹೊರಗಿನ ಸಮಾಧಿಗೆ ಹೋಗಿ ಹೂ, ಉಪ್ಪು, ವೈನ್‌ನಲ್ಲಿ ನೆನೆಸಿದ ಬ್ರೆಡ್ ಇಟ್ಟು ಬರ್ತಿದ್ರು. ಅದು ಮುಗಿದ ಮಾರನೇ ದಿನ ಇನ್ನೊಂದು ಹಬ್ಬ. ಕಾರಿಸ್ತಿಯಾ. ಐ ಲವ್ ದಿಸ್ ಒನ್. ಸತ್ತವರಿಗೆ ಕೊಡೋದೆಲ್ಲ ಆಯ್ತಲ್ಲ, ಈಗ ಯಾರು ಉಳಿದಿದಾರೆ ನೋಡಿ ಅಂತ. ಬದುಕಿರೋ ರಿಲೇಟಿವ್ಸ್ ಎಲ್ಲ ಒಂದು ಕಡೆ ಸೇರಿ ಊಟ. ಮಾತು ಬಿಟ್ಟವರು ಇದ್ರೆ ಅವತ್ತು ಸರಿಮಾಡ್ಕೊಳ್ಳೋದು. ಮನೆ ದೇವರಿಗೂ ಒಂದು ಪ್ಲೇಟ್."

ಪ್ರೇಮಾವತಿ ಹಿಟ್ಟು ಸವರಿದ ಎಲೆಯನ್ನು ಸುರುಳಿ ಸುತ್ತಿದರು.

"ನಮ್ಮಲ್ಲಿ ಅಂಥ ಡೇ ಇಲ್ವಾ ಅಜ್ಜಿ?"

"ಇಲ್ಲ," ಎಂದರು. "ನಾವು ಸತ್ತವರಿಗೆ ಬಡಿಸಿ ಕೈತೊಳೆದುಬಿಡ್ತೇವೆ."

ನಿರೀಕ್ಷಾ ತನ್ನ ಕೋಣೆಗೆ ಹೋದ ಮೇಲೆ ಅವರು ಫೋನನ್ನು ಎದುರಿಗಿಟ್ಟುಕೊಂಡು ಕೂತರು. ಉಡುಪಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನೌಕರಿ ಶುರುಮಾಡಿ, ಯಾರ್ಯಾರದೋ ಬೊಂಬಾಯಿ, ದುಬಾಯಿ ಕರೆಗಳನ್ನು ಜೋಡಿಸಿಕೊಟ್ಟ ಕೈ ಅದು. ಈಗ ಒಂದು ಹೆಸರನ್ನು ಒತ್ತಲು ಹಿಂದೆಮುಂದೆ ನೋಡಿತು. ಒಲೆಯ ಮೇಲೆ ಪತ್ರೊಡೆ ಬೇಯುವ ವಾಸನೆ ಎದ್ದಾಗ ಒತ್ತಿತು.

"ಮಾಮಿ?" ಶ್ರದ್ಧಾಳ ದನಿಯಲ್ಲಿ ಗಾಬರಿ. "ಎಲ್ಲರೂ ಹುಷಾರಲ್ಲವಾ?"

"ಎಲ್ಲ ಹುಷಾರು. ಆಟಿ ಬಂತಲ್ಲ, ಅದಕ್ಕೆ ಮಾಡಿದೆ."

"ಹ್ಞೂಂ. ಬಂತು."

ಆ ಕಡೆ ಎಲ್ಲೋ ನೀರು ಬೀಳುತ್ತಿತ್ತು. ಅವಳು ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

"ಶ್ರದ್ಧಾ, ನೀನು ಮಾವನಿಗೆ ಬಡಿಸ್ತೀಯಲ್ಲ?"

"ನಾನಾ? ನೀವು ಅಲ್ಲಿ ಬಡಿಸ್ತಾ ಇಲ್ಲವಾ ಮಾಮಿ?"

"ನಾವು ಬಡಿಸುವುದು ಹೇಗೆ? ನಮ್ಮ ಬಳಿಯೇ ಬೇರೆ ಅಲ್ಲವಾ."

"ಅಲ್ಲ, ರೋಶನ್ ಬಾವ ಎಲ್ಲ ಅಲ್ಲಿಯೇ ಮುಗಿಸಿದ ಮೇಲೆ..." ಅವಳು ತಡೆದಳು. "ನೀವು ಮಾವನನ್ನು ನಿಮ್ಮ ಮನೆಗೇ ಸೇರಿಸಿಕೊಂಡ್ರಿ ಅಂತ ತಿಳ್ಕೊಂಡೆ. ಎರಡೆರಡು ಕಡೆ ಎಲೆ ಹಾಕಬಾರದು ಅಂತ ಅಮ್ಮ ಹೇಳ್ತಿದ್ರು. ಅದಕ್ಕೆ ನಾನು ಹಾಕಲಿಲ್ಲ."

ಪ್ರೇಮಾವತಿ ಒಲೆ ಆರಿಸಿದರು. ಆರಿಸಿದ್ದು ಅವರಿಗೇ ಗೊತ್ತಾಗಲಿಲ್ಲ.

"ಅಂದ್ರೆ ಎರಡು ವರ್ಷ..." ಎಂದಳು ಶ್ರದ್ಧಾ.

"ಹೌದು ಮಗಾ."

"ಅಯ್ಯೋ ದೇವರೇ. ಮಾಮಿ, ನೀವು ಬನ್ನಿ. ಈ ಅಮಾವಾಸ್ಯೆಗೇ ಬನ್ನಿ. ಟಿಕೆಟ್ ನಾನು ಬುಕ್ ಮಾಡ್ತೇನೆ."

ರೋಶನ್‌ಗೆ ವಿಷಯ ತಿಳಿದಾಗ ಅವನು ಸ್ವಲ್ಪ ಹೊತ್ತು ತಟ್ಟೆಯ ಅನ್ನವನ್ನೇ ಕಲಸುತ್ತ ಕೂತ. "ಪುರೋಹಿತರು ಕರೆದ್ರು, ನಾನು ಹೋದೆ. ಅವಳು ಬಟ್ಟೆ ತಂದದ್ದೇ ನನಗೆ ಗೊತ್ತಿರಲಿಲ್ಲ ಅಮ್ಮ," ಎಂದ. ಮರುದಿನ ಅವನೇ ಶ್ರದ್ಧಾಳಿಗೆ ಫೋನ್ ಮಾಡಿದ. ಏನು ಮಾತಾಡಿದರೋ. ಮಾತು ಮುಗಿಸಿ ಬಂದವನು ತಾಯಿಯ ಚೀಲಕ್ಕೆ ತನ್ನ ದಪ್ಪ ಜಾಕೆಟ್ಟನ್ನೂ ತುರುಕಿದ. "ಮೆಲ್ಬರ್ನ್‌ ಚಳಿ ನಿನಗೆ ಗೊತ್ತಿಲ್ಲ" ಎಂದಷ್ಟೇ ಹೇಳಿದ.

ಅಮಾವಾಸ್ಯೆಯ ಬೆಳಿಗ್ಗೆ ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಸ್ಟೀಲಿನ ಡಬ್ಬಿ ತೆರೆಯಲು ಹೇಳಿದಳು. ಎಲೆಯ ಸುರುಳಿಗಳನ್ನು ನೋಡಿ ಏನೆಂದು ಕೇಳಿದಳು. ಗಂಡನ ಊಟ ಎಂದರು ಪ್ರೇಮಾವತಿ, ತಮಗೆ ಬರುವ ಇಂಗ್ಲಿಷಿನಲ್ಲಿ. ಅದೃಷ್ಟವಂತ ನಿಮ್ಮ ಗಂಡ ಎಂದು ಆ ಹುಡುಗಿ ಮುಚ್ಚಳವನ್ನು ತಾನೇ ಭದ್ರವಾಗಿ ಒತ್ತಿ, ಡಬ್ಬಿ ಅಡ್ಡಬೀಳದ ಹಾಗೆ ಚೀಲದಲ್ಲಿ ನೆಟ್ಟಗೆ ಇಟ್ಟುಕೊಟ್ಟಳು.

ಮೆಲ್ಬರ್ನ್‌ನಲ್ಲಿ ಶ್ರದ್ಧಾ, ಅವಳ ಗಂಡ ತುಷಾರ್ ಇಬ್ಬರೂ ಬಂದಿದ್ದರು. ಫ್ರೀವೇಯಲ್ಲಿ ಪಾಯಿಂಟ್ ಕುಕ್‌ನ ಅವರ ಮನೆ ತಲುಪುವವರೆಗೆ ಮಾತೆಲ್ಲ ಟ್ರಾಫಿಕ್ಕಿನದು, ಚಳಿಯದು. ನಡುನಡುವೆ ಶ್ರದ್ಧಾ ಹಿಂದಿನ ಸೀಟಿಗೆ ತಿರುಗಿ, ಪ್ರೇಮಾವತಿಯ ಮೊಣಕಾಲಿನ ಮೇಲಿನ ಶಾಲನ್ನು ಎಳೆದು ಸರಿಮಾಡುತ್ತಿದ್ದಳು.

ಮನೆಯಲ್ಲಿ ಮುಂಗೋಣೆಯನ್ನು ಒರೆಸಿ ಖಾಲಿ ಮಾಡಿಟ್ಟಿದ್ದಳು. ಫ್ರೋಜನ್ ಬಾಳೆಲೆ ಕರಗಿಸಿ ಒರೆಸಿದ್ದಳು. ಕೋಳಿ ಸಾರು, ಕುಚ್ಚಲಕ್ಕಿ ಅನ್ನ, ಬಸಳೆಯ ಪದಾರ್ಥ. ಎಲ್ಲವೂ ಆಗಿತ್ತು. ಆದರೂ ಅವಳು ಸೌಟು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು.

"ಮಾಮಿ, ಅವರಿಗೆ ಇಷ್ಟವಾದದ್ದನ್ನು ಬಡಿಸಬೇಕಲ್ಲ. ನಾನು ಮಾವನನ್ನು ನೋಡಿದ್ದು ರಜೆಗೆ ಮಾತ್ರ. ನನಗೆ ಕೊಬ್ಬರಿ ಮಿಠಾಯಿ ತಂದುಕೊಡ್ತಿದ್ರು, ಅದು ನೆನಪುಂಟು. ಅವರಿಗೆ ಎಂತ ಇಷ್ಟ ಅಂತ ನನಗೆ ಗೊತ್ತೇ ಇಲ್ಲ."

"ಪತ್ರೊಡೆ ತಂದಿದ್ದೇನೆ," ಎಂದರು ಪ್ರೇಮಾವತಿ. ಡಬ್ಬಿಯ ಮುಚ್ಚಳ ತೆಗೆದಿಟ್ಟರು. "ಇನ್ನೊಂದು ಉಂಟು. ನಗಬಾರದು."

"ಇಲ್ಲ, ಹೇಳಿ."

"ಪೈ. ಚಿಕನ್ ಪೈ. ಮೇಲೆ ಟೊಮೆಟೊ ಸಾಸ್."

ತುಷಾರ್ ಫೋನಿನಿಂದ ತಲೆಯೆತ್ತಿದ. "ಹಿಟ್ಟಿನೊಳಗೆ ಕೋಳಿ ತುಂಬಿದ ಆ ಬೇಕರಿಯ ಪೈಯಾ?"

"ಅದೇ. ಡಾಕ್ಟರು ಬೇಡ ಅಂದಿದ್ರು. ಇವರು ವಾಕಿಂಗ್ ಅಂತ ಹೇಳಿ ಪೆಂಡಲ್ ಹಿಲ್ ಸ್ಟೇಷನ್ನಿನ ಹತ್ರ ಹೋಗಿ ತಿಂದು ಬರ್ತಿದ್ರು. ಅಂಗಿಯ ಮೇಲೆ ಸಾಸಿನ ಕಲೆ. ನಾನು ಒಗೆದು ಹಾಕ್ತಿದ್ದೆ, ಕೇಳ್ತಿರಲಿಲ್ಲ. ನನಗೆ ಗೊತ್ತಿಲ್ಲ ಅಂತಲೇ ತಿಳ್ಕೊಂಡು ಹೋದರು ಪಾಪ."

ಶ್ರದ್ಧಾ ನಗಬಾರದೆಂದು ತುಟಿ ಕಚ್ಚಿದ್ದವಳು ನಕ್ಕೇಬಿಟ್ಟಳು. ಪ್ರೇಮಾವತಿಯೂ ನಕ್ಕರು. ತುಷಾರ್ ಕಾರಿನ ಕೀಲಿ ತೆಗೆದುಕೊಂಡ. "ಒಂದಾ, ಎರಡಾ?"

"ಎರಡು ವರ್ಷದ ಹಸಿವು," ಎಂದಳು ಶ್ರದ್ಧಾ. "ಎರಡು ತನ್ನಿ."

ಅವನು ಬರುವಷ್ಟರಲ್ಲಿ ಶ್ರದ್ಧಾ ಕಪಾಟಿನಿಂದ ಒಂದು ಪೊಟ್ಟಣ ತಂದು ಪ್ರೇಮಾವತಿಯ ಮಡಿಲಲ್ಲಿಟ್ಟಳು. ಬಿಚ್ಚುವ ಮೊದಲೇ ಅವರಿಗೆ ಗೊತ್ತಾಯಿತು. ಬಿಳಿ ಬಟ್ಟೆಗೆ ಆ ದಿನದ ಮಡಿಕೆ ಹಾಗೆಯೇ ಇತ್ತು.

"ಊರಿಂದ ತರಿಸಿದ್ದು. ಇಲ್ಲಿಯದ್ದು ಬೇಡ ಅಂತ ನಾನು ಮೊದಲೇ ತರಿಸಿ ಇಟ್ಟುಕೊಂಡಿದ್ದೆ. ವಾಪಸು ತಂದ ಮೇಲೆ ಎಂತ ಮಾಡಬೇಕು ಅಂತ ಗೊತ್ತಾಗಲಿಲ್ಲ ಮಾಮಿ. ಬಿಸಾಡುವುದಕ್ಕೆ ಆಗ್ತದಾ? ಉಡುವುದಕ್ಕೂ ಆಗುವುದಿಲ್ಲ."

ಪ್ರೇಮಾವತಿ ಬಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು. "ನನಗೆ ಹೊಳೆಯುವಾಗ ಹೊತ್ತು ಮೀರಿತ್ತು ಮಗಾ. ಎಲೆಯ ಪಕ್ಕದಲ್ಲಿ ಹೊಸ ಬಟ್ಟೆ ಇಡುವ ರೂಢಿ ಉಂಟಲ್ಲ, ಇವತ್ತು ಇಡು. ಇಷ್ಟು ದೂರ ಬರುವವರಿಗೆ ಉಡಲಿಕ್ಕೆ ಒಂದು ಬೇಕು."

ಶ್ರದ್ಧಾ ಅವರ ಕೈಯ ಮೇಲೆ ತನ್ನ ಕೈ ಇಟ್ಟಳು. ಹೊರಗೆ ಕಾರು ಬಂದು ನಿಂತ ಸದ್ದಾಯಿತು.

ಎಲೆ ಹಾಕಿದ್ದಾಯಿತು. ಶ್ರದ್ಧಾ ಬಡಿಸುತ್ತ ಹೋದಳು. ಏನು ಎಲ್ಲಿ ಎಂದು ಪ್ರೇಮಾವತಿ ಬಾಗಿಲ ಹೊರಗೆ ನಿಂತು ಹೇಳುತ್ತ ಹೋದರು. ಒಳಗೆ ಕಾಲಿಡಲಿಲ್ಲ. ಅದು ಅವರ ಬಳಿಯ ಎಲೆಯಲ್ಲ. ಉಪ್ಪಿನಕಾಯಿ ದೂರ ಇಡು, ಅವರಿಗೆ ಅನ್ನಕ್ಕೆ ತಾಗಬಾರದು. ಸಾರು ಹೆಚ್ಚು ಬೇಡ. ಪೈಯ ಮೇಲಿನ ಕವಚ ಸ್ವಲ್ಪ ಒಡೆದಿಡು, ಬಿಸಿ ಹೋಗಲಿ. ಬಿಳಿ ಬಟ್ಟೆ ಎಲೆಯ ಬಲಕ್ಕೆ ಕೂತಿತು. ದೀಪದ ಬೆಳಕಿನಲ್ಲಿ ಸಾಸಿನ ಕೆಂಪು ಹೊಳೆಯಿತು.

ಇನ್ನು ಕರೆಯಬೇಕು. ಬಳಿಯ ಹಿರಿಯರು ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆದು, ಬಾಗಿಲು ಮುಚ್ಚಿ ಹೊರಗೆ ಬರಬೇಕು. ಶ್ರದ್ಧಾ ಕೈಮುಗಿದು ನಿಂತಳು. "ಮಾವ," ಎಂದಳು. ಮುಂದಕ್ಕೆ ಆಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

"ಮಾಮಿ, ನೀವು ಕರೆಯಿರಿ."

"ನಾನು ಕರೆಯುವ ಹಾಗಿಲ್ಲ ಶ್ರದ್ಧಾ. ನಾನು ಹೊರಗಿನವಳು."

"ಈ ಮನೆಯ ಹಿರಿಯಳು ಈಗ ನಾನೇ ಅಲ್ಲವಾ? ನಾನು ಹೇಳ್ತಾ ಇದ್ದೇನೆ, ಒಳಗೆ ಬನ್ನಿ. ನನ್ನ ದನಿ ಅವರಿಗೆ ಗುರುತು ಸಿಗ್ತದೋ ಇಲ್ಲವೋ. ನಿಮ್ಮದಾದ್ರೆ ಸಿಗ್ತದೆ."

ಪ್ರೇಮಾವತಿಗೆ ಆ ಕ್ಷಣ ಪೊಂಪೈಯ ಅಡುಗೆಮನೆಯ ಗೋಡೆ ಏಕೋ ನೆನಪಾಯಿತು. ಗಂಡನ ಮನೆಯಲ್ಲಿದ್ದೂ ಆ ಮನೆಯವಳಾಗದ ಆ ಹೆಂಗಸು ಊಟದ ನಡುವೆ ಎದ್ದು, ಯಾರದೋ ದೇವರಿಗೆ ತಾನು ಬೇಯಿಸಿದ ತುತ್ತನ್ನು ತೆಗೆದಿಡುವಾಗ ಏನೆಂದುಕೊಳ್ಳುತ್ತಿದ್ದಳೋ. ಅವರು ಹೊಸ್ತಿಲು ದಾಟಿ ಒಳಗೆ ಬಂದರು.

ಗಂಡನ ಹೆಸರನ್ನು ಅವರು ಎಂದೂ ಬಾಯಿಬಿಟ್ಟು ಕರೆದವರಲ್ಲ. ಈಗಲೂ ಬರಲಿಲ್ಲ. ಗಿರಾವೀನ್‌ನ ಅಡುಗೆಮನೆಯಿಂದ, ಗ್ಯಾರೇಜಿನಲ್ಲಿ ಹಳೆಯ ರೇಡಿಯೊ ಬಿಚ್ಚಿಕೊಂಡು ಕೂತವರಿಗೆ ಕೇಳುವಷ್ಟು ದನಿಯಲ್ಲಿ, ದಿನವೂ ಹೇಳುತ್ತಿದ್ದುದನ್ನೇ ಹೇಳಿದರು.

"ಹೋಯ್, ಊಟಕ್ಕೆ ಆಯಿತು. ಬನ್ನಿ. ಆರಿಹೋಗ್ತದೆ."

ಶ್ರದ್ಧಾ ಬಾಗಿಲು ಎಳೆದುಕೊಂಡಳು. ಮೂವರೂ ಹಿತ್ತಿಲಿಗೆ ಬಂದು ನಿಂತರು. ಸಮುದ್ರದ ಕಡೆಯಿಂದ ಕೊರೆಯುವ ಗಾಳಿ. ಪ್ರೇಮಾವತಿ ಮಗನ ಜಾಕೆಟ್ಟಿನಲ್ಲಿ ಮುಳುಗಿಹೋಗಿದ್ದರು. ಶ್ರದ್ಧಾ ಅದರ ಟೊಪ್ಪಿಗೆಯನ್ನು ಅವರ ತಲೆಗೆ ಏರಿಸಿ ದಾರ ಕಟ್ಟಿದಳು. ಫೋನು ಗುಣುಗುಟ್ಟಿತು. ನಿರೀಕ್ಷಾಳ ಮೆಸೇಜ್. ಪರೀಕ್ಷೆ ಮುಗಿಯಿತು, ರೋಮನ್ ಫ್ಯಾಮಿಲಿಯೇ ಬಂದಿತ್ತು, ಅಜ್ಜ ಬಂದರಾ, ಶ್ರದ್ಧಾ ಆಂಟಿಗೆ ಹಲೋ ಹೇಳು.

"ಯಾರು?" ಎಂದು ಕೇಳಿದಳು ಶ್ರದ್ಧಾ.

"ನಿರೀಕ್ಷಾ. ರಜೆಯಲ್ಲಿ ಅವಳನ್ನೂ ಕರೆದುಕೊಂಡು ಬರ್ತೇನೆ. ಅವಳ ಹತ್ರ ಒಂದು ಹಬ್ಬ ಉಂಟು, ನಿನಗೆ ಹೇಳಬೇಕಂತೆ."

ತುಷಾರ್ ಅಂಗೈಗಳನ್ನು ಉಜ್ಜಿಕೊಂಡ. ಒಳಗಿನಿಂದ ಪತ್ರೊಡೆಯ, ಪೈಯ ವಾಸನೆ ಬರುತ್ತಿತ್ತು. ಅವನು ಬೆಳಗಿನಿಂದ ಏನೂ ತಿಂದಿರಲಿಲ್ಲ. "ಮಾಮಿ, ಬಾಗಿಲು ತೆಗೆಯಬಹುದಾ? ಎಷ್ಟು ಹೊತ್ತು ಬಿಡಬೇಕು?"

ಪ್ರೇಮಾವತಿ ಮುಚ್ಚಿದ ಬಾಗಿಲಿನ ಕಡೆ ನೋಡಿದರು.

"ಇನ್ನು ಸ್ವಲ್ಪ ಹೊತ್ತು ಬಿಡು ಮಾರಾಯ," ಎಂದರು. "ಇವತ್ತು ಅವರು ಕದ್ದು ತಿನ್ನುವುದಲ್ಲ. ನಿಧಾನ ತಿನ್ನಲಿ."